ಕಿಲೋಮೀಟರ್ ಕಲ್ಲಿಗೆ ಹಚ್ಚಿದ ಅರಿಶಿನ

ದಿಂಡಿಗಲ್
ಗುರುವಾರ, 15 ಫೆಬ್ರವರಿ 2024

ನನ್ನ ಅವ್ವನಿಗೆ, ನಿನ್ನ ಮಾತು ಕೇಳದ ಮಗಳು ಕಲೈಸೆಲ್ವಿ ಬರೆಯುವುದು.

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಎತ್ತಿದರೂ ಅರ್ಧಕ್ಕೇ ಇಡುತ್ತೀಯ. ಅದಕ್ಕೇ ಕಾಗದ. ನಮ್ಮ ಮನೆಮಾತು ಕನ್ನಡವನ್ನೇ ತಮಿಳು ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಬೇರೆಯವರ ಕೈಯಲ್ಲಿ ಓದಿಸಬೇಡ. ನಿಧಾನವಾಗಿ ನೀನೇ ಓದು.

ಮೊದಲು ನಿನಗೆ ಬೇಕಾದ ಸುದ್ದಿ. ಅಮುದಾಳ ಮಗು ಚೆನ್ನಾಗಿದೆ. ಸೋಮವಾರವೇ ತೇನಿಯ ದೊಡ್ಡಾಸ್ಪತ್ರೆಗೆ ತೋರಿಸಿದರಂತೆ. ಡಾಕ್ಟರಮ್ಮ ಚೆನ್ನಾಗಿ ಬೈದು ಅದೇ ಹಳೆಯ ಮಾತ್ರೆ ಮತ್ತೆ ಶುರುಮಾಡಿದ್ದಾರೆ. ನಿನ್ನೆ ಪೊನ್ನುತಾಯಿ ಅಕ್ಕ ಅವಳಿಗೆ ಫೋನ್ ಮಾಡಿ ವಿಚಾರಿಸಿದಳು. ಹಿಂದಿನಿಂದ ಮಗು ಇಡ್ಲಿ ಬೇಡ ಎಂದು ಹಟ ಮಾಡುವುದು ಕೇಳಿಸಿತು.

ಇನ್ನು ನನ್ನ ವಿಷಯ. ಕಲ್ಲಿಗೆ ಬಣ್ಣ ಬಳಿದದ್ದಕ್ಕೆ ನಾನು ಕ್ಷಮೆ ಕೇಳುವುದಿಲ್ಲ. ಅಷ್ಟು ಜನರ ಮುಂದೆ ಹೇಳಿದೆನಲ್ಲ, ಅದಕ್ಕೆ ಕೇಳುತ್ತೇನೆ.

ನೀನು ಹೇಳುವುದು ನನಗೆ ಇಲ್ಲಿಂದಲೇ ಕೇಳಿಸುತ್ತದೆ. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲೂ ಇದೇ ಆಗಿತ್ತು. ಪಕ್ಕದವಳನ್ನು ನೋಡಿ ಬರೆದೆ ಎಂದು ನಾನೇ ಎದ್ದು ನಿಂತು ಮೇಷ್ಟರಿಗೆ ಹೇಳಿದೆ. "ಬಾಯ್ ಮುಚ್ಕೊಂಡಿದ್ರೆ ಪಾಸಾಗ್ತಿದ್ದೆ ಕಣೇ, ನೋಡಿ ಬರೆಯೋ ಬುದ್ಧಿ ಇತ್ತು, ಮುಚ್ಕೊಂಡಿರೋ ಬುದ್ಧಿ ಇಲ್ವಾ" ಎಂದು ನೀನು ದೋಸೆ ಮಗುಚುವ ಕೋಲಿನಲ್ಲಿ ಹೊಡೆದೆ. ಆಮೇಲೆ ನಾನು ಶಾಲೆಗೆ ಹೋಗಲಿಲ್ಲ. ಒಡ್ಡನ್‌ಛತ್ರಂ ಮಾರ್ಕೆಟಿನಲ್ಲಿ ಎರಡು ತಿಂಗಳು ನುಗ್ಗೆಕಾಯಿ ಕಟ್ಟು ಕಟ್ಟಿದೆ. ದಿಂಡಿಗಲ್ಲಿನಲ್ಲಿ ಐದು ತಿಂಗಳು ಬೀಗದ ಕೈಗೆ ಅರ ಹಾಕಿದೆ. ಕೂತಲ್ಲಿ ಕೂರಲು ನನ್ನಿಂದ ಆಗುವುದಿಲ್ಲ. ರಸ್ತೆಯ ಕೆಲಸ ನನಗೆ ಹಿಡಿಸಿದ್ದು ಅದಕ್ಕೇ. ಒಂದು ಕಲ್ಲು ಮುಗಿದರೆ ಮುಂದಿನ ಕಲ್ಲಿಗೆ ನಡೆಯಬೇಕು.

ಈ ಕೆಲಸ ಏನೆಂದು ನಿನಗೆ ಯಾರೂ ಸರಿಯಾಗಿ ಹೇಳಿಲ್ಲ ಅಂತ ಕಾಣುತ್ತದೆ. ಕಲ್ಲಿನ ತಲೆ ಹಳದಿ ಇದ್ದರೆ ಅದು ದೇಶದ ಹೆದ್ದಾರಿ. ಹಸಿರಿದ್ದರೆ ರಾಜ್ಯದ್ದು. ಕಪ್ಪಾದರೆ ಜಿಲ್ಲೆಯ ರಸ್ತೆ. ಬೈಪಾಸ್ ಬಂದ ಮೇಲೆ ನಮ್ಮ ಹಳೆಯ ರಸ್ತೆಯನ್ನು ಜಿಲ್ಲೆಗೆ ಕೊಟ್ಟರು. ಹಾಗಾಗಿ ಊರೂರಿನ ಕಲ್ಲಿನ ತಲೆಗೂ ನಾವು ಕಪ್ಪು ಬಳಿಯುತ್ತಾ ಬರುತ್ತಿದ್ದೆವು. ನಮ್ಮ ಗುಂಪಿನಲ್ಲಿ ಮೂರೇ ಜನ. ಮೇಸ್ತ್ರಿ ಮುತ್ತುಕುಮಾರ್ ಅಣ್ಣ, ಪೊನ್ನುತಾಯಿ ಅಕ್ಕ, ನಾನು. ನಿನ್ನ ಮೆಸ್ಸಿನ ಮುಂದಿನದು "ಕಂಬಂ 20" ಎಂಬ ಕಲ್ಲು. ಆ ಮೆಸ್ ನನ್ನ ಅವ್ವನದು ಎಂದು ಅವರಿಬ್ಬರಿಗೂ ನಾನು ಹೇಳಿರಲಿಲ್ಲ.

ಆ ರಸ್ತೆ ಏನಾಗಿತ್ತು ಎಂದು ನನಗೂ ಗೊತ್ತು ಅವ್ವ. ಅಜ್ಜಿ ಹೇಳುತ್ತಿದ್ದಳು. ಏಲಕ್ಕಿ ಮೂಟೆ ಹೊತ್ತ ಗಾಡಿಗಳು ಮಲೆಯಿಂದ ಇಳಿದು ಬರುವಾಗ ಅವಳು ಹುಣಸೆಮರದ ಕೆಳಗೆ ಒಂದೇ ಒಂದು ಗಂಜಿ ಮಡಕೆ ಇಟ್ಟುಕೊಂಡು ಕೂತಿದ್ದಳಂತೆ. ಆಮೇಲೆ ಲಾರಿ ಬಂದವು. ಮರ ಕಡಿದು ರಸ್ತೆ ಅಗಲ ಮಾಡಿದರು, ಮಡಕೆ ಇದ್ದ ಜಾಗಕ್ಕೆ ತಗಡಿನ ಚಪ್ಪರ ಬಂತು, ಒಂದು ಒಲೆ ಐದಾಯಿತು. ನಾನು ಚಿಕ್ಕವಳಿದ್ದಾಗ ಅಯ್ಯಪ್ಪನ ಬಸ್ಸುಗಳು ಬರುವ ಎರಡು ತಿಂಗಳು ನೀನು ಮಲಗಿದ್ದನ್ನೇ ನಾನು ನೋಡಿಲ್ಲ. ಆಂಧ್ರದವರು, ಕರ್ನಾಟಕದವರು, ಎಲ್ಲರೂ ಬರುತ್ತಿದ್ದರು. ಮೈಸೂರಿನ ಒಬ್ಬ ಸ್ವಾಮಿ ನಿನ್ನ ಮಾತು ಕೇಳಿ, "ಅಮ್ಮ, ನಿಮ್ದು ಯಾವ ಕಾಲದ ಕನ್ನಡ?" ಎಂದು ನಕ್ಕರೆ ನೀನು, "ನಿಮ್ದಕ್ಕಿಂತ ಹಳೇದು, ಇನ್ನೂ ಸವೆದಿಲ್ಲ" ಎಂದು ಸಾರು ಬಡಿಸಿದೆ.

ಬೈಪಾಸ್ ತೆರೆದ ದಿನವೂ ನನಗೆ ನೆನಪಿದೆ. ನೀನು ನಲವತ್ತು ಜನಕ್ಕೆ ಅಕ್ಕಿ ಹಾಕಿದ್ದೆ, ಏಳು ಜನ ಬಂದರು. ಉಳಿದ ಅನ್ನಕ್ಕೆ ನೀರು ಹೊಯ್ದು, "ಹೊಸ ರೋಡ್ ನೋಡೋ ಆಸೆ, ಎರಡ್ ದಿನ ನೋಡ್ಲಿ ಬಿಡು, ಬರ್ತಾರೆ" ಎಂದೆ. ಮರುದಿನವೂ ನಲವತ್ತು ಜನಕ್ಕೇ ಹಾಕಿದೆ.

ಸೋಮವಾರ ಮಧ್ಯಾಹ್ನ ನಾವು ಕಲ್ಲಿನ ಹತ್ತಿರ ಬಂದಾಗ ನೀನು ಬಾಗಿಲಲ್ಲೇ ಇದ್ದೆ. ಕಲ್ಲು ಕಣ್ಣಿಗೆ ಬಿತ್ತು. ತಲೆತುಂಬ ಅರಿಶಿನ, ನಡುವೆ ಕುಂಕುಮ, ಬೇವಿನ ಸೊಪ್ಪು, ಬುಡದಲ್ಲಿ ಒಡೆದ ತೆಂಗಿನಕಾಯಿ ಚಿಪ್ಪು. ಪೊನ್ನುತಾಯಿ ಅಕ್ಕ ತಟ್ಟನೆ ಚಪ್ಪಲಿ ಬಿಟ್ಟಳು. "ಸಾಮಿ ತಲೆ ಮೇಲೆ ಕರುಪ್ಪು ಬಣ್ಣಾನಾ? ನನ್ ಕೈಲಿ ಆಗಲ್ಲಪ್ಪಾ, ಮನೇಲಿ ಮಕ್ಕಳು ಮರಿ ಇದಾವೆ" ಎಂದಳು. ಮುತ್ತುಕುಮಾರ್ ಅಣ್ಣನೂ ಹೆದರಿ ಆಫೀಸಿಗೆ ಫೋನ್ ಮಾಡಿದ. ಅಲ್ಲಿಂದ ಏನು ಹೇಳಿದರೋ, "ಬಿಡು ಕಲೈ, ಇದು ಕೋಯಿಲ್, ಗುಡಿ ಅಂತ ಬರ್ಕೋತೀನಿ. ಮುಂದಿನ ಕಲ್ಲಿಗೆ ನಡಿ" ಎಂದ.

ನನಗೆ ಕಲ್ಲು ನೋಡಿದ ಕ್ಷಣವೇ ಗೊತ್ತಾಗಿತ್ತು. ಅರಿಶಿನದ ಮೇಲೆ ಬೆರಳ ಗುರುತು ನಾಲ್ಕೂವರೆ ಇದ್ದವು. ಗ್ರೈಂಡರಿಗೆ ಅರ್ಧ ತೋರುಬೆರಳು ಕೊಟ್ಟವರು ಆ ರಸ್ತೆಯಲ್ಲಿ ನೀನೊಬ್ಬಳೇ. ಯಾಕೆ ಮಾಡಿದೆ ಎಂಬುದೂ ಒಳಗೆ ನೋಡಿದರೆ ತಿಳಿಯುತ್ತಿತ್ತು. ನಾಲ್ವರು ಡ್ರೈವರುಗಳು ಊಟಕ್ಕೆ ಕೂತಿದ್ದರು, ಹೊರಗೆ ಲಾರಿಗಳು ನಿಂತಿದ್ದವು. ಕಲ್ಲಿನ ಅಮ್ಮನವರಿಗೆ ಕಾಯಿ ಒಡೆಯಲೆಂದು ಬೈಪಾಸ್ ಬಿಟ್ಟು ಬಂದವರು. ಎರಡು ವರ್ಷದಲ್ಲಿ ಯಾರೂ ತರಲಾರದ ಲಾರಿಗಳನ್ನು ನೀನು ಒಂದು ಹಿಡಿ ಅರಿಶಿನದಲ್ಲಿ ತಂದಿದ್ದೆ.

ನಿಜ ಹೇಳುತ್ತೇನೆ ಅವ್ವ. ನಾನು ಬಾಯಿ ಮುಚ್ಚಿಕೊಂಡೇ ಹೋಗುವವಳಿದ್ದೆ. ನೀನು ನನ್ನನ್ನೇ ನೋಡುತ್ತಿದ್ದೆ. ನಾನು ಬಣ್ಣದ ಡಬ್ಬದ ಮುಚ್ಚಳ ಮುಚ್ಚಿದೆ. ನಿನ್ನ ಭುಜ ಸ್ವಲ್ಪ ಇಳಿದದ್ದೂ ಕಾಣಿಸಿತು.

ಆಗ ಅಮುದಾ ಬಂದಳು. ಮಾರ್ಕಯನ್‌ಕೋಟ್ಟೈ ಕಡೆಯಿಂದ ಬರಿಗಾಲಲ್ಲಿ, ಸೊಂಟದ ಮೇಲೆ ಮೂರು ವರ್ಷದ ಹೆಣ್ಣುಮಗು. ಮಗುವಿನ ಹಣೆಯನ್ನು ಕಲ್ಲಿಗೆ ತಾಗಿಸಿ, ಅರಿಶಿನ ತೆಗೆದು ಅದರ ನಾಲಿಗೆಗೆ ಹಚ್ಚಿದಳು. ಏನಾಗಿದೆ ಎಂದು ಪೊನ್ನುತಾಯಿ ಅಕ್ಕ ಕೇಳಿದಳು. "ಫಿಟ್ಸ್ ಬರುತ್ತೆ ಅಕ್ಕಾ. ಮಾತ್ರೆ ಕೊಡ್ತಿದ್ದೆ, ಎರಡು ವಾರದಿಂದ ನಿಲ್ಸಿದೀನಿ. ಅಮ್ಮನೇ ಇದಾಳಲ್ಲ, ಇನ್ಯಾಕೆ ಮಾತ್ರೆ? ಮೊನ್ನೆ ಒಂದ್ಸಲ ಬಂತು, ಅದು ನನ್ ನಂಬಿಕೆ ಸಾಲ್ದೆ" ಎಂದಳು.

ಆಮೇಲೆ ನನ್ನ ಬಾಯಿ ನನ್ನ ಹಿಡಿತದಲ್ಲಿ ಇರಲಿಲ್ಲ. ಇದು ಸಾಮಿ ಅಲ್ಲ, ಮೆಸ್ಸಿನವಳು ಹಚ್ಚಿದ ಅಡುಗೆಮನೆ ಅರಿಶಿನ ಎಂದೆ. ಪೊನ್ನುತಾಯಿ ಅಕ್ಕ ನನ್ನ ಬಾಯಿಯ ಮೇಲೇ ಹೊಡೆದಳು. "ಬಿಸಿಲು ತಲೆಗೇರಿದೆ ಇವಳಿಗೆ" ಎಂದು ಮುತ್ತುಕುಮಾರ್ ಅಣ್ಣ. "ನೀ ಯಾರೇ ಹೇಳಕ್ಕೆ, ಬಣ್ಣ ಬಳಿಯೋಳು?" ಎಂದು ಅಮುದಾ. ಡ್ರೈವರುಗಳು ಎಂಜಲು ಕೈಯಲ್ಲೇ ಎದ್ದು ಬಂದರು. ಒಬ್ಬರೂ ನಂಬಲಿಲ್ಲ. ಆಗ ಹೇಳಿದೆ, ನಾನು ಅವಳ ಮಗಳು ಎಂದು.

ಎಲ್ಲರೂ ನಿನ್ನ ಕಡೆ ತಿರುಗಿದರು. ಇಲ್ಲ ಎಂದು ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತು, ನಾನೇ ಸುಳ್ಳಿಯಾಗುತ್ತಿದ್ದೆ. ಮೆಸ್ ಉಳಿಯುತ್ತಿತ್ತು. ನೀನು ಹಾಗೇ ಹೇಳುತ್ತೀಯ ಎಂದು ನಾನು ಅಂದುಕೊಂಡೆ. ಇದನ್ನೂ ಒಪ್ಪಿಕೊಳ್ಳಬೇಕು.

ನೀನು ಇಳಿದು ಬಂದೆ. ಸೆರಗಿನ ತುದಿಯಿಂದ ಕಲ್ಲಿನ ತಲೆ ಒರೆಸಿದೆ. ಮಗುವಿನ ಗಲ್ಲ ಹಿಡಿದುಕೊಂಡು ಅಮುದಾಳಿಗೆ, "ಕಣ್ಣು, ಇದು ಕಂಬಂಗೆ ಇಪ್ಪತ್ತು ಕಿಲೋಮೀಟರ್ ಅಂತ ಹೇಳೋ ಕಲ್ಲು. ಇದಕ್ಕೆ ಗೊತ್ತಿರೋದು ಅಷ್ಟೇ. ಅರಿಶಿನ ಹಚ್ದೋಳು ನಾನು. ಮಗೂಗೆ ಮಾತ್ರೆ ಕೊಡು" ಎಂದೆ. ಅವಳು ಅಳುತ್ತಾ, "ಇಷ್ಟು ದಿನ ನಾನು ಬಂದು ಹೋಗುವಾಗ ನಿನ್ನ ಬಾಯಿ ಎಲ್ಲಿಗೆ ಹೋಗಿತ್ತು" ಎಂದು ಬೈದಳು. ನೀನು ತಲೆ ತಗ್ಗಿಸಿಕೊಂಡು ಎಲ್ಲವನ್ನೂ ಕೇಳಿಸಿಕೊಂಡೆ. ನಂತರ ನನಗೆ "ಬಳಿ" ಎಂದು ಒಂದೇ ಮಾತು ಹೇಳಿ ಒಳಗೆ ಹೋದೆ. ಡ್ರೈವರುಗಳು ಅರ್ಧ ಊಟ ಬಿಟ್ಟು ಹೊರಟರು. ನಾನು ಬಳಿದೆ. ಕಪ್ಪು ಸೋರಿ ಬಿಳಿಯ ಮೇಲೆ ಇಳಿಯಿತು, ಎರಡು ಸಲ ಒರೆಸಬೇಕಾಯಿತು.

ವಾಪಸ್ ಬರುವಾಗ ವ್ಯಾನಿನಲ್ಲಿ ಮುತ್ತುಕುಮಾರ್ ಅಣ್ಣ ಹೇಳಿದ. ಕಾರ್ತಿಕದಲ್ಲಿ ಅಳತೆಗೆ ಬಂದವನು ಅವನೇ ಅಂತೆ. "ಕಲ್ಲಿನ ಮಂಜಳ್ ಹೋಗುತ್ತೆ ಅಮ್ಮಾ" ಎಂದು ನಿನಗೆ ಹೇಳಿದ್ದನಂತೆ. ತಮಿಳಿನಲ್ಲಿ ಹಳದಿಗೂ ಅರಿಶಿನಕ್ಕೂ ಅದೊಂದೇ ಮಾತು. ಹೋಗುವ ಮಂಜಳ್ ಬದಲಿಗೆ ನೀನು ಮನೆಯ ಮಂಜಳ್ ಹಚ್ಚಿದೆ. ಮೊದಲ ದಿನ ಅಷ್ಟೇ ಇದ್ದಿರಬೇಕು ನಿನ್ನ ಮನಸ್ಸಿನಲ್ಲಿ. ಕಾಯಿ ಒಡೆದವರು, ಬೇವು ತಂದವರು ಬೇರೆಯವರು. ಇಳಿಯುವಾಗ ಪೊನ್ನುತಾಯಿ ಅಕ್ಕ, "ನಿಮ್ಮವ್ವ ಒಪ್ಪಿಕೊಂಡಳಲ್ಲ, ನಾನಾಗಿದ್ರೆ ಒಪ್ಕೊಳ್ತಿರಲಿಲ್ಲ" ಎಂದಳು.

ಲಾರಿಗಳು ಇನ್ನು ಬರುವುದಿಲ್ಲ ಅವ್ವ. ಬೇರೆ ಯಾರೂ ಇದನ್ನು ನಿನ್ನ ಮುಖಕ್ಕೆ ಹೇಳುವುದಿಲ್ಲ, ನಾನು ಹೇಳುತ್ತೇನೆ. ಆದರೆ ಬೆಳಿಗ್ಗೆ ಕಳೆ ಕೀಳಲು ಹೋಗುವ ಹೆಂಗಸರು ಈಗಲೂ ಇಡ್ಲಿಗೆ ನಿಲ್ಲುತ್ತಾರೆ, ಸೋಮವಾರ ಹಿಂದಿನ ಕಲ್ಲಿನ ಹತ್ತಿರ ಅವರೇ ಹೇಳಿದರು. ಟ್ರ್ಯಾಕ್ಟರಿನವರೂ ನಿಲ್ಲುತ್ತಾರೆ. ಅವರಿಗೆ ಕಲ್ಲಿನ ಬಣ್ಣ ಯಾವುದಾದರೇನು? ಹದಿನೈದು ಜನಕ್ಕೆ ಅಕ್ಕಿ ಹಾಕು. ಹದಿನೈದೇ.

ಹೀಗೆ ನೇರವಾಗಿ ಹೇಳುವ ಬುದ್ಧಿ ಯಾರಿಂದ ಬಂತೋ ಎಂದು ನೀನು ಯಾವಾಗಲೂ ಬೈಯುತ್ತಿದ್ದೆ. ಸೋಮವಾರ ನನಗೆ ಗೊತ್ತಾಯಿತು.

ಕೈಗೆ ಅಂಟಿದ ಕಪ್ಪು ಇನ್ನೂ ಹೋಗದ,
ನಿನ್ನ ಮಗಳು
ಕಲೈಸೆಲ್ವಿ

ಮರೆತದ್ದು: ಮರೆತದ್ದಲ್ಲ, ಬರೆಯದೆ ಬಿಟ್ಟದ್ದು. ನಿನ್ನ ರಸ್ತೆಗೆ ನಮ್ಮನ್ನು ಯಾರೂ ಕಳಿಸಲಿಲ್ಲ. ನಮಗೆ ಬಿದ್ದದ್ದು ಒಡ್ಡನ್‌ಛತ್ರಂ ಕಡೆಯ ಕೆಲಸ. ಮುತ್ತುಕುಮಾರ್ ಅಣ್ಣನನ್ನು ನಾಲ್ಕು ದಿನ ಕಾಡಿ ನಾನೇ ಬದಲಾಯಿಸಿಕೊಂಡೆ. ಊಟದ ಹೊತ್ತಿಗೆ ಸರಿಯಾಗಿ ನಿನ್ನ ಬಾಗಿಲಿಗೆ ಬರುವ ಹಾಗೆ ಹಿಂದಿನ ಮೂರು ಕಲ್ಲುಗಳನ್ನು ಬೇಕೆಂದೇ ನಿಧಾನವಾಗಿ ಬಳಿದೆ. ಮನೆ ಬಿಟ್ಟು ಎಂಟು ತಿಂಗಳಾದ ಮೇಲೆ ನನ್ನನ್ನು ನೋಡಿದರೆ ಎಷ್ಟು ಸಿಟ್ಟಿದ್ದರೂ "ಉಂಡ್ಯಾ?" ಎಂದು ಕೇಳಿಯೇ ಕೇಳುತ್ತೀಯ ಅಂದುಕೊಂಡಿದ್ದೆ. ಭಾನುವಾರ ಕೆಲಸ ಇಲ್ಲ. ಬರುತ್ತೇನೆ. ಹದಿನಾರು ಜನಕ್ಕೆ ಹಾಕು.