ಇನ್ಯಾಕಿಗೆ ‘ಬಾ’ ಎಂದದ್ದು

ಎಡಿಸನ್, ಭಾನುವಾರ

ಭಾವನವರೇ,

ನಿಮ್ಮ ತಂಗಿಯ ಮೇಲೊಂದು ದೂರಿದೆ. ನಮ್ಮ ಮೇಲಿನ ಮಹಡಿಯಲ್ಲಿ ಇನ್ಯಾಕಿ ಎಂಬ ಸ್ಪೇನ್ ದೇಶದ ಫುಟ್‌ಬಾಲ್ ಡಿಫೆಂಡರ್ ಇದ್ದಾನೆ, ಹಿಂದೆ ನಿಂತು ಗೋಲು ತಡೆಯುವವನು. ವಯಸ್ಸಾಯಿತು, ‘ಇವನು ಇನ್ಯಾಕೆ?’ ಎಂದು ಇಲ್ಲಿನ ಕ್ಲಬ್ಬಿನವರು ಯೋಚಿಸುತ್ತಿದ್ದರು. ನಿನ್ನೆಯ ಪಂದ್ಯದಲ್ಲಿ ಒಂದೂ ಗೋಲು ಬಿಡದಿದ್ದರೆ ಇನ್ನೊಂದು ವರ್ಷ ಇಟ್ಟುಕೊಳ್ಳುತ್ತೇವೆ ಎಂದಿದ್ದರಂತೆ. ಪಾಪ, ನಮಗೂ ಪಾಸ್ ಕೊಟ್ಟು ಕರೆದ.

ಪಂದ್ಯ ಮುಗಿಯುತ್ತ ಬಂದರೂ ಗೋಲಿಲ್ಲ. ಚೆಂಡು ಸಿಕ್ಕ ಇನ್ಯಾಕಿ ಸ್ವಲ್ಪ ಮುಂದೆ ಬಂದು ಅನುಮಾನಿಸುತ್ತ ನಿಂತ. ನಿಮ್ಮ ತಂಗಿಗೆ ತಡೆಯಲಾಗಲಿಲ್ಲ. ಕಂಬಿ ಹಿಡಿದು, “ಏ ಇನ್ಯಾಕಿ, ಹಿಂದಕ್ಕೆ ಬಾ! ಬಾ, ಬಾ!” ಎಂದು ಕಿರುಚಿದಳು. ಆತ ಚೆಂಡಿನೊಂದಿಗೆ ಮುಂದಕ್ಕೇ ನುಗ್ಗಿಬಿಟ್ಟ! ಎದುರಾಳಿ ಅದನ್ನು ಕಿತ್ತುಕೊಂಡು, ಖಾಲಿ ಬಿದ್ದಿದ್ದ ಜಾಗದಲ್ಲಿ ಓಡಿ ಹೊಡೆದ. ಅವರಿಗೆ ಗೋಲು, ಇವನಿಗೆ ಗೋಳು.

ವಿಚಾರಿಸಿದರೆ, ಅವರ ಭಾಷೆಯಲ್ಲಿ ‘ಬಾ’ ಎಂದರೆ ‘ನಡಿ, ಹೋಗು’ ಎಂದಂತೆ! “ನಾನೇನ್ರೀ ಮಾಡ್ಲಿ? ಕನ್ನಡದಲ್ಲಿ ಸರಿಯಾಗೇ ಕರೆದ್ನಲ್ಲ!” ಎನ್ನುತ್ತಾಳೆ ಇವಳು.

ಇನ್ಯಾಕಿಯ ಕೆಲಸ ಹೋಯಿತು. ಕ್ಷಮೆ ಕೇಳಲು ನಾನು ಮಹಡಿ ಹತ್ತಿದರೆ ಆತ ನಗುತ್ತಿದ್ದಾನೆ: “ಬಿಡಿ ಅಂಕಲ್, ಆಟ ಶುರು ಮಾಡಿದಾಗಿಂದ ಎಲ್ಲರೂ ನನಗೆ ಹಿಂದೆ ನಿಲ್ಲು ಅಂತಾನೇ ಕೂಗಿದ್ದು. ಮುಂದೆ ಹೋಗು ಅಂದವರು ಆಂಟಿ ಒಬ್ಬರೇ.”

ಇದನ್ನು ಕೇಳಿದ ಮೇಲೆ ನಿಮ್ಮ ತಂಗಿಯ ಕಾಲು ನೆಲದ ಮೇಲಿಲ್ಲ. ನನ್ನ ಬಿ.ಪಿ. ಕೇಳಿದ್ದಿರಿ, ಪಂದ್ಯಕ್ಕೆ ಹೊರಡುವವರೆಗೆ ಚೆನ್ನಾಗಿಯೇ ಇತ್ತು.

ಕಾಗದದಲ್ಲಿ ಜಾಗ ಮುಗಿಯಿತು,
ದ್ವಾರಕಾನಾಥ