ಮಿಯಾಪುರದ ಋಷಭ್

ಕುಷಾಯಿಗೂಡ, ಹೈದರಾಬಾದ್
೧೯ ನವೆಂಬರ್ ೨೦೨೪

ಪ್ರೀತಿಯ ಗುರುಬಾಯಿ ಅತ್ತೆಗೆ,

ನಿಮ್ಮ ತಮ್ಮನ ಮಗಳು ಸ್ನೇಹಲತಾಳ ನಮಸ್ಕಾರಗಳು.

ನಿಮ್ಮ ಕಣ್ಣೊಳಗೆ ರಕ್ತ ಇಳಿದು ಅಕ್ಷರಗಳು ಕಾಣುತ್ತಿಲ್ಲವೆಂದು ಅವ್ವ ಹೇಳಿದಳು. ಪೇಪರು, ಔಷಧದ ಚೀಟಿ ಎಲ್ಲವನ್ನೂ ಈಗ ನಿಮ್ಮ ಮಗ ಕಿರಣಮಾಮಾನೇ ಓದಿ ಹೇಳುತ್ತಾನಂತೆ. ಹಾಗಾದರೆ ಈ ಪತ್ರವನ್ನೂ ಅವನೇ ಓದುತ್ತಾನೆ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಕಿರಣಮಾಮಾ, ಸಾವಕಾಶ ಓದು. ಅತ್ತೆಗೆ ಗಡಿಬಿಡಿ ಸೇರುವುದಿಲ್ಲ.

ಅತ್ತೆ, ನನ್ನನ್ನು ನೋಡಲು ಬಂದ ದಿನ ನೀವು ಎಲ್ಲರೆದುರು ಹೇಳಿದ್ದು ನೆನಪಿದೆಯೆ? ‘ಸಾಹಿತ್ಯ ಓದ್ಯಾಳ, ಬಾಯಿ ಇಲ್ಲ. ಸೊಸಿ ಅಂದ್ರ ಇಂಥಾಕಿ ಬೇಕು’ ಎಂದು ನಕ್ಕಿರಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಾಯಿ ಇಲ್ಲದವಳು ಪತ್ರವನ್ನಾದರೂ ಬರೆಯಬೇಕಲ್ಲ.

ಗಣಪತಿ ಹಬ್ಬದ ಹೊತ್ತಿಗೆ ರಕ್ತದ ಪ್ಲೇಟ್‌ಲೆಟ್ ಇಳಿದು ನಿಮ್ಮನ್ನು ಆಸ್ಪತ್ರೆಗೆ ಸೇರಿಸಿದಾಗಿನಿಂದ ಹೇಳುತ್ತೇನೆ. ಯಾರು ಪ್ಲೇಟ್‌ಲೆಟ್ ಕೊಟ್ಟರೂ ನಿಮ್ಮ ಮೈಯಲ್ಲಿ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಏರಿಸಿದ್ದು ಸಂಜೆಗೆ ಇಲ್ಲ. ಆಗ ಬ್ಲಡ್ ಬ್ಯಾಂಕಿನ ಡಾಕ್ಟರಮ್ಮ ನಮ್ಮನ್ನೆಲ್ಲ ಕೂರಿಸಿಕೊಂಡು ತೆಲುಗು ಬೆರೆಸಿದ ಹಿಂದಿಯಲ್ಲಿ ತಿಳಿಸಿದರು. ಎ, ಬಿ, ಓ ಎಂಬ ಗುಂಪು ಕೂಡಿದರೆ ಸಾಲದು. ಬಿಳಿ ರಕ್ತಕಣಗಳ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಗುರುತುಗಳಿರುತ್ತವೆ, ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದವು. ಪ್ಲೇಟ್‌ಲೆಟ್ ಮೇಲೂ ಅವೇ ಇರುತ್ತವೆ. ಬಸುರಿಯಾದವಳ ಮೈಗೆ ಕೂಸಿನ ರಕ್ತ ಸೋಕುತ್ತದೆ. ಕೂಸಿನಲ್ಲಿ ಅದರ ತಂದೆಯ ಗುರುತು ಇರುತ್ತದೆ. ತಾಯಿಯ ರಕ್ತ ಅದನ್ನು ಪರಕೀಯವೆಂದು ಎಣಿಸಿ, ಅದರ ವಿರುದ್ಧ ಪ್ರತಿಕಾಯ ಕಟ್ಟಿಕೊಂಡು ಬಿಡಬಹುದು. ಎಷ್ಟೋ ವರ್ಷ ಅದು ಹಾಗೆಯೇ ಉಳಿಯುತ್ತದೆ.

ನಿಮ್ಮಲ್ಲಿದ್ದ ಪ್ರತಿಕಾಯಗಳಲ್ಲಿ ಬಲವಾದದ್ದು ಬಿ-೪೪ ಎಂಬ ಗುರುತಿನ ಮೇಲಿನದು. ಆ ಗುರುತು ತೀರಿಹೋದ ಗುರುಶಾಂತ ಮಾವನದು, ಅವರಿಂದ ಕಿರಣಮಾಮಾನಿಗೆ ಬಂದದ್ದು. ಮಗನ ಪ್ಲೇಟ್‌ಲೆಟ್ ತಾಯಿಗೆ ಆಗಿಬರುವುದಿಲ್ಲ ಎಂದರು. ಅವನ ಮುಖ ಬಾಡಿದ್ದು ನೋಡಿ ನೀವು ಹಾಸಿಗೆಯಿಂದಲೇ, ‘ಒಂಬತ್ತು ತಿಂಗಳು ಒದ್ದೀಯಲ್ಲೋ, ಅದನ್ನ ನನ್ನ ರಕ್ತ ಮರತಿಲ್ಲ ನೋಡು’ ಎಂದಿರಿ. ಆ ದಿನ ವಾರ್ಡಿನಲ್ಲಿ ಎಷ್ಟು ನಗೆ!

ಆಮೇಲೆ ನಮ್ಮೆಲ್ಲರ ರಕ್ತ ಪರೀಕ್ಷೆ ಮಾಡಿದರು. ನಿಮ್ಮೊಂದಿಗೆ ಹೊಂದಿದವಳು ನಾನೊಬ್ಬಳೇ. ಡಾಕ್ಟರಮ್ಮನಿಗೆ ಸೋಜಿಗವಾಯಿತು. ಅಪ್ಪ ಮಾಡಿಕೊಂಡದ್ದು ಸೋದರಮಾವನ ಮಗಳನ್ನೇ, ಅಜ್ಜ ಮಾಡಿಕೊಂಡದ್ದು ಅಕ್ಕನ ಮಗಳನ್ನು ಎಂದು ಅವ್ವ ಬೆರಳು ಮಡಚಿ ಹೇಳಿದ ಮೇಲೆ, ಗುರುತುಗಳು ಮನೆ ಬಿಟ್ಟು ಹೋಗೇ ಇಲ್ಲ ಬಿಡಿ ಎಂದು ನಕ್ಕರು. ಹೊರಗಿನವರನ್ನು ಮಾಡಿಕೊಂಡವರು ನೀವೊಬ್ಬರೇ. ನೀವು ನನ್ನ ಕೈ ಹಿಡಿದು, ‘ಸೊಸಿ ಆಗೂಕಿಂತ ಮೊದಲ ನನ್ನ ಮೈಯಾಗ ಬಂದಿ’ ಎಂದಿರಿ. ನನಗೆ ಅಳು ಬಂತು. ಸಂತೋಷಕ್ಕೆ ಎಂದು ನೀವು ತಿಳಿದಿರಿ.

ಭಯಕ್ಕೆ ಬಂದ ಅಳು ಅದು. ದಾನಿಯ ಪ್ಲಾಸ್ಮಾದಲ್ಲೂ ಪ್ರತಿಕಾಯ ಇದೆಯೋ ಇಲ್ಲವೋ ನೋಡುತ್ತೇವೆ ಎಂದು ಅವರು ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಕಿರಣಮಾಮಾನೂ ಕೇಳಿಸಿಕೊಂಡಿದ್ದ. ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ದಿನವಿಡೀ ಪರೀಕ್ಷೆ ಮಾಡುವವನಿಗೆ ಅದು ಅರ್ಥವಾಗದೆ ಇದ್ದೀತೆ?

ನನ್ನ ಫಲಿತಾಂಶ ತಂದ ಲ್ಯಾಬಿನವನು ಕೆಟ್ಟವನಲ್ಲ. ನನ್ನನ್ನು ಮದುವೆಯಾದವಳೆಂದುಕೊಂಡಿದ್ದ, ಅಷ್ಟೇ. ಕಾರಿಡಾರಿನಲ್ಲಿ ನಿಮ್ಮ ನಾದಿನಿ ಗದಿಗೆಮ್ಮನವರ ಮುಂದೆಯೇ, ‘ಪೇಷಂಟ್‌ಗೆ ಇರೋದೇ ಆಂಟಿಬಾಡಿ ಇವರಿಗೂ ಇದೆ. ಮೇಡಂಕೂ ಕಿತ್ತೇ ಬಚ್ಚೇ?’ ಎಂದು ನನಗೆ ಮಕ್ಕಳೆಷ್ಟೆಂದು ಕೇಳಿದ. ಗದಿಗೆಮ್ಮನವರ ಕೈಯಲ್ಲಿದ್ದ ಚಹಾದ ಲೋಟ ಅಲ್ಲೇ ನಿಂತಿತು. ಡಾಕ್ಟರಮ್ಮ ಓಡಿಬಂದು, ಹಿಂದೆ ಯಾವಾಗಲಾದರೂ ರಕ್ತ ಏರಿಸಿದ್ದರೂ ಹೀಗಾಗುತ್ತದೆ ಎಂದರು. ಅವ್ವ ತಟ್ಟನೆ ಅದಕ್ಕೇ ಜೋತುಬಿದ್ದಳು. ‘ಹೌದ್ರಿ, ಸಣ್ಣಾಕಿದ್ದಾಗ ಡೆಂಗಿ ಬಂದಿತ್ತು, ಆವಾಗ ರಕ್ತ ಹಾಕಿದ್ರು’ ಎಂದಳು. ಗದಿಗೆಮ್ಮನವರು ಅದನ್ನು ಬಂದು ನಿಮಗೆ ಹೇಳಿದರು. ನೀವು ಏನೆಂದಿರಿ, ಅತ್ತೆ? ‘ಡೆಂಗಿ ಬಂದಾಗ ಮಗ್ಗಲಾಗ ಕುಂತಾಕಿ ನಾನು. ಬರೇ ಸಲೈನ್ ಏರಿಸಿದ್ರು.’

ನೀವು ಹೇಳಿದ್ದು ಸತ್ಯ. ಒಂದು ವಾರ ನೀವೇ ನನಗೆ ಗಂಜಿ ಕುಡಿಸಿದ್ದಿರಿ.

ನಿಶ್ಚಯದ ದಿನ ತೊಡಿಸಿದ ಉಂಗುರ ಬಿಚ್ಚಿಕೊಡು ಎಂದಿರಿ. ಬೆರಳು ಬಾತಿತ್ತು, ಬರಲಿಲ್ಲ. ಗದಿಗೆಮ್ಮನವರು ಕೈತೊಳೆಯುವ ಸೋಪು ತಂದು ಹಚ್ಚಿ ಎಳೆದರು. ಯಾರದು ಎಂದು ನೀವು ಕೇಳಿದಿರಿ. ನಾನು ಕಿರಣಮಾಮಾನ ಕಡೆ ನೋಡಿದೆ. ಅವನು ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದ. ಅಪ್ಪ ಗೋಡೆಗೆ ಮುಖ ಮಾಡಿದ್ದರು. ನೀವು ನನ್ನ ಬದಲು ಡಾಕ್ಟರಮ್ಮನಿಗೆ ಹೇಳಿದಿರಿ: ‘ಆ ಹೊಲಸು ರಕ್ತ ನನಗ ಬ್ಯಾಡ. ಸತ್ತರ ಸಾಯ್ತೀನಿ.’

ಕಿರಣಮಾಮಾ, ಇಲ್ಲಿ ನಿಲ್ಲಿಸಬೇಡ. ನೀರು ಬೇಕಾದರೆ ಕುಡಿದು ಮುಂದೆ ಓದು.

ಅತ್ತೆ, ಮಾವ ತೀರಿಕೊಂಡ ವರ್ಷ ಮನೆಯಲ್ಲಿ ಅಕ್ಷತೆ ಬೀಳಬಾರದೆಂದು ಮದುವೆ ಮುಂದಕ್ಕೆ ಹಾಕಿದವರು ನೀವೇ. ಆ ವರ್ಷ ನಾನು ಎರಡು ಬಸ್ಸು ಬದಲಿಸಿ ಪಟಾನ್‌ಚೆರುವಿಗೆ ಹೋಗುತ್ತಿದ್ದೆ. ಗ್ರಂಥಾಲಯಕ್ಕೆ ಎಂದು ಮನೆಯಲ್ಲಿ ಹೇಳುತ್ತಿದ್ದೆ. ಗಟ್ಟಿ ತಿಳಿಯುವ ಹೊತ್ತಿಗೆ ನಾಲ್ಕನೇ ತಿಂಗಳು. ಮದುವೆ ಬೇಗ ಮಾಡಿಸು ಎಂದು ನಿಮ್ಮ ಮಗನ ಕಾಲು ಹಿಡಿದೆ. ‘ಅವ್ವ ಇನ್ನೂ ಅಪ್ಪನ ದುಃಖದಾಗ ಅದಾಳ. ಈಗ ಇದನ್ನ ಹೆಂಗ ಹೇಳಲಿ?’ ಎಂದ. ಸಂಗಾರೆಡ್ಡಿಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಗಂಡ ಎಂದು ಅವನೇ ಸಹಿ ಮಾಡಿದ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಗ ನಿಮ್ಮ ಫೋನ್ ಬಂತು. ಮದುವೆಗೆ ಹಸಿರು ಬಳೆ ಈಗಲೇ ತೆಗೆದಿಡುತ್ತೇನೆ, ನಿನ್ನ ಅಳತೆ ಎಷ್ಟು ಎಂದು ಕೇಳಿದಿರಿ. ಹೇಳಿದೆ. ‘ದನಿ ಯಾಕ ಸಣ್ಣಾಗೈತಿ, ಉಂಡಿಲ್ಲೇನು?’ ಎಂದಿರಿ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಹೇಳಿದ್ದರು ಅತ್ತೆ, ಉಂಡಿರಲಿಲ್ಲ.

ನಿಮ್ಮ ರಕ್ತ ನಿಮ್ಮ ಮಗನ ಯಾವ ಗುರುತನ್ನು ಒಲ್ಲೆ ಎನ್ನುತ್ತದೆಯೋ, ನನ್ನ ರಕ್ತವೂ ಅದನ್ನೇ ಒಲ್ಲೆ ಎನ್ನುತ್ತದೆ. ನೀವು ಅವನನ್ನು ಹೊತ್ತು ಕಲಿತದ್ದನ್ನು ನಾನು ಅವನ ಕೂಸನ್ನು ಹೊತ್ತು ಕಲಿತೆ. ನಿಮ್ಮ ಮೊಮ್ಮಗುವಿನಲ್ಲಿ ಗುರುಶಾಂತ ಮಾವನ ಗುರುತು ಇತ್ತು. ಅದು ಇದ್ದದ್ದಕ್ಕೆ ಈಗ ಉಳಿದಿರುವ ಸಾಕ್ಷಿ ನನ್ನ ಮೈಯಲ್ಲಿನ ಪ್ರತಿಕಾಯ ಅಷ್ಟೇ.

ಉಂಗುರ ಹೋದ ಮೇಲೆ ಒಂದು ದಿನ ಅವನು ನಮ್ಮ ಬಸ್ ಸ್ಟಾಪಿಗೆ ಬಂದು ನಿಂತಿದ್ದ. ನೀನು ಕೊಟ್ಟರೆ ಮಾತ್ರ ಅವ್ವ ಉಳಿಯುತ್ತಾಳೆ, ಹೆಸರು ಹೇಳದೆ ಕೊಡು ಎಂದ. ನಿನ್ನ ಪ್ರತಿಕಾಯ ಅವ್ವನಿಗೆ ಏನೂ ಮಾಡುವುದಿಲ್ಲ, ಅವಳಲ್ಲಿ ಆ ಗುರುತೇ ಇಲ್ಲ, ಡಾಕ್ಟರಮ್ಮ ಒಪ್ಪಿದ್ದಾರೆ ಎಂದ. ಆ ಗುರುತು ನಿನ್ನದು ಎಂದು ಅತ್ತೆಗೆ ಹೇಳು, ಆಗ ಕೊಡುತ್ತೇನೆ ಎಂದೆ. ನಾನು ಅಷ್ಟು ಮಾತಾಡಿದ್ದೇ ಹೆಚ್ಚು. ಅದಕ್ಕೆ ನಿಮ್ಮ ಮಗ, ‘ಬಿ-೪೪ ಈ ಊರಾಗ ಸಾವಿರಾರು ಮಂದಿಗೈತಿ. ನಂದ ಅಂತ ಯಾರು ಹೇಳಬೇಕು?’ ಎಂದ. ಆಟೋದವರು, ಹೂ ಮಾರುವವಳು, ಬಸ್ಸಿಗೆ ನಿಂತ ಗಂಡಸರು, ಅಲ್ಲಿದ್ದ ಎಲ್ಲರನ್ನೂ ನಾನು ಒಮ್ಮೆ ನೋಡಿದೆ. ಅಷ್ಟು ಜನರಲ್ಲಿ ನನ್ನನ್ನು ಹಂಚಿಬಿಟ್ಟಿದ್ದ.

ಆಮೇಲೆ ಅತ್ತ. ನೀವು ಹುಷಾರಾಗಿ ಮನೆಗೆ ಬಂದ ದಿನವೇ ಎಲ್ಲವನ್ನೂ ಹೇಳುತ್ತೇನೆ ಎಂದು ನಿಮ್ಮ ಮೇಲೆ ಆಣೆ ಇಟ್ಟ. ನಾನು ನಂಬಿದೆ.

ಮಿಯಾಪುರದ ಋಷಭ್ ಹುಟ್ಟಿದ್ದು ಹಾಗೆ. ಕಂಪ್ಯೂಟರ್ ಕೆಲಸದ ಹುಡುಗ, ಮೈಸೂರಿನ ಕಡೆಯವನು, ಮೆಟ್ರೊದಲ್ಲಿ ಬಂದು ಪ್ಲೇಟ್‌ಲೆಟ್ ಕೊಟ್ಟು ಹೋಗುತ್ತಾನೆ, ಸಂಕೋಚದ ಸ್ವಭಾವ, ಯಾರನ್ನೂ ಭೇಟಿಯಾಗುವುದಿಲ್ಲ ಎಂದೆಲ್ಲ ಕಿರಣಮಾಮಾ ನಿಮಗೆ ಹೇಳಿದ್ದಾನೆ. ಸಂಕೋಚದ ಸ್ವಭಾವ ಎನ್ನುವುದೊಂದು ನಿಜ. ಅತ್ತೆ, ಅಂಥವನು ಯಾರೂ ಇಲ್ಲ. ಎರಡು ತಿಂಗಳಿನಿಂದ ನಿಮಗೆ ಏರಿದ ಚೀಲಗಳೆಲ್ಲ ನನ್ನವು. ತಿಳಿಹಳದಿ ಬಣ್ಣ, ತೆಳು ಗಂಜಿಯ ಹಾಗೆ. ನಾನು ಮೂರನೇ ಮಹಡಿಯಲ್ಲಿ ತೋಳು ಚಾಚಿ ಮಲಗುತ್ತೇನೆ, ನೀವು ಐದನೆಯದರಲ್ಲಿ. ‘ಯಾವ ತಾಯಿ ಹಡದಾಳೋ, ಆಕಿ ಹೊಟ್ಟಿ ತಣ್ಣಗಿರಲಿ’ ಎಂದು ಪ್ರತಿ ಸಲ ಹರಸುತ್ತೀರಂತೆ. ಅವ್ವನಿಗೆ ಮುಟ್ಟಿಸಿದ್ದೇನೆ.

ಋಷಭ್‌ಗೆಂದು ಗದಿಗೆಮ್ಮನವರ ಕೈಯಲ್ಲಿ ಶೇಂಗಾ ಹೋಳಿಗೆ ಮಾಡಿಸಿ ಕಳಿಸಿದ್ದಿರಿ. ಕಿರಣಮಾಮಾ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ಮುಂದಿನ ಸಲ ಬರುವಾಗ ತೊಳೆದು ತಾ ಎಂದ. ಹೋಳಿಗೆ ಚೆನ್ನಾಗಿತ್ತು. ಏಲಕ್ಕಿ ಸ್ವಲ್ಪ ಹೆಚ್ಚಾಗಿತ್ತು.

ಇಷ್ಟು ದಿನ ಸುಮ್ಮನಿದ್ದವಳು ಈಗ ಯಾಕೆ ಬರೆಯುತ್ತಿದ್ದೀ ಎಂದು ನೀವು ಕೇಳಬಹುದು. ಅಪ್ಪ ಹುಮನಾಬಾದಿನ ಒಂದು ಸಂಬಂಧ ಹಿಡಿದಿದ್ದಾರೆ. ಕಿರಾಣಿ ಅಂಗಡಿ, ಹೆಂಡತಿ ತೀರಿಕೊಂಡಿದ್ದಾಳೆ, ದೊಡ್ಡ ಮಗಳು ನನಗಿಂತ ಏಳು ವರ್ಷಕ್ಕೆ ಚಿಕ್ಕವಳು. ನಿಮ್ಮನ್ನು ಬಿಟ್ಟರೆ ನಮ್ಮಲ್ಲಿ ಹೆಣ್ಣನ್ನು ಹೊರಗೆ ಕೊಟ್ಟಿಲ್ಲ. ಕೊಡುತ್ತಾರೆಂದರೆ ಏಕೆಂದು ಅವರಿಗೂ ಗೊತ್ತು. ಅವರ ಕಡೆಯವರು ಬಂದಾಗ ಒಬ್ಬಾಕೆ ನನ್ನ ಹೊಟ್ಟೆಯ ಕಡೆ ನೋಡಿ, ‘ಹಡೀತಾಳಂತ ಖಾತ್ರಿ ಐತಲ್ಲ, ಅದೂ ಒಂದು ಛಲೋ ಆತು’ ಎಂದಳು. ಅಪ್ಪ ಆಕೆಗೆ ಚಹಾ ಬಗ್ಗಿಸಿಕೊಟ್ಟರು. ಬರುವ ಶುಕ್ರವಾರ ವೀಳ್ಯ ಹಿಡಿಯುವವರಿದ್ದಾರೆ.

ಕಿರಣಮಾಮಾನಿಗೆ ಫೋನ್ ಮಾಡಿದೆ. ‘ಒಪ್ಪಿಕೋ. ಒಳ್ಳೇ ಮಂದಿ. ಲಗ್ನಕ್ಕ ಮುಂಚೆ ಇನ್ನೊಂದೆರಡು ಚೀಲ ಕೊಟ್ಟು ಹೋಗು’ ಎಂದ.

ಅದಕ್ಕೆ ಬರೆಯುತ್ತಿದ್ದೇನೆ.

ನನಗೆ ನಿಮ್ಮ ಮಗ ಬೇಡ ಅತ್ತೆ. ಉಂಗುರವೂ ಬೇಡ. ಶುಕ್ರವಾರದೊಳಗೆ ಅಪ್ಪನಿಗೆ ಒಂದು ಫೋನ್ ಮಾಡಿ, ಅದು ನನ್ನ ಮೊಮ್ಮಗು ಆಗಿತ್ತು ಎಂದು ಹೇಳಿ. ಅಪ್ಪ ನನ್ನ ಮಾತನ್ನಾಗಲಿ ಅವ್ವನ ಮಾತನ್ನಾಗಲಿ ನಂಬುವುದಿಲ್ಲ. ಅವರ ಅಕ್ಕ ನೀವು ಹೇಳಿದರೆ ನಂಬುತ್ತಾರೆ. ವೀಳ್ಯ ನಿಲ್ಲುತ್ತದೆ. ಆಮೇಲೆ ನಾನು ಎಲ್ಲಾದರೂ ಒಂದು ಶಾಲೆಯಲ್ಲಿ ಕನ್ನಡ ಕಲಿಸಿಕೊಂಡು ಇರುತ್ತೇನೆ.

ಫೋನ್ ಮಾಡದಿದ್ದರೆ ಪ್ಲೇಟ್‌ಲೆಟ್ ನಿಲ್ಲಿಸುತ್ತೇನೆ ಎಂದು ಬರೆಯಬೇಕೆಂದುಕೊಂಡಿದ್ದೆ. ಬರೆದು ಹೊಡೆದುಹಾಕಿದೆ. ನಾನು ನಿಲ್ಲಿಸುವುದಿಲ್ಲ. ಹುಮನಾಬಾದಿಗೆ ಹೋದರೂ ಗಂಡನನ್ನು ಕೇಳಿ ಬಸ್ಸು ಹತ್ತಿ ಬರುತ್ತೇನೆ. ಬೇಡವೆನ್ನುವುದಾದರೆ ನೀವೇ ಹೇಳಬೇಕು. ನನ್ನ ಹೆಸರನ್ನು ನಿಮಗೆ ತಿಳಿಸಬಹುದೆಂದು ಡಾಕ್ಟರಮ್ಮನಿಗೆ ಒಪ್ಪಿಗೆ ಕೊಟ್ಟಿದ್ದೇನೆ. ಇನ್ನು ಮೇಲೆ ಪ್ರತಿ ಚೀಲವನ್ನೂ ಯಾರದೆಂದು ತಿಳಿದೇ ಏರಿಸಿಕೊಳ್ಳಿ.

ಬಾಯಿ ಒಣಗಿದರೆ ತುಟಿಗೆ ತುಪ್ಪ ಹಚ್ಚಿಕೊಳ್ಳಿ. ಹಲ್ಲುಜ್ಜುವಾಗ ಬ್ರಷ್ ಬೇಡ, ರಕ್ತ ಬರುತ್ತದೆ.

ನಿಮ್ಮ ಪ್ರೀತಿಯ,
ಸ್ನೇಹಲತಾ

ಮರೆತ ಮಾತು: ಇದು ಕಿರಣನಿಗೆ ಮಾತ್ರ. ಗಟ್ಟಿಯಾಗಿ ಓದಬೇಕಿಲ್ಲ. ನೀನು ಎಲ್ಲೆಲ್ಲಿ ಬಿಟ್ಟು ಓದುತ್ತೀಯೆಂದು ನನಗೆ ಅಂದಾಜಿತ್ತು. ಆದ್ದರಿಂದ ಇದರದೇ ಇನ್ನೊಂದು ಪ್ರತಿಯನ್ನು ಮೊದಲೇ ಐದನೇ ಮಹಡಿಯ ಸುವರ್ಣಾ ಸಿಸ್ಟರ್ ಕೈಯಲ್ಲಿ ಕಳಿಸಿದ್ದೆ. ಅವರು ಬೀದರದವರು, ಕನ್ನಡ ಚೆನ್ನಾಗಿ ಓದುತ್ತಾರೆ. ನೀನು ನಿನ್ನೆ ಡ್ಯೂಟಿಯಲ್ಲಿದ್ದಾಗ ಅತ್ತೆಗೆ ಎಲ್ಲವನ್ನೂ ಓದಿ ಹೇಳಿ, ಆಮೇಲೆ ನನಗೆ ಫೋನ್ ಮಾಡಿದರು. ಅತ್ತೆ ಮೇಲೆ ತೂಗುಹಾಕಿದ್ದ ಚೀಲದ ಕಡೆ ಮುಖ ಎತ್ತಿದರಂತೆ. ಚೀಲ ಖಾಲಿಯಾಯಿತೇ ಎಂದು ಕೇಳಿದರಂತೆ. ಅಪ್ಪನಿಗೆ ಈಗಲೇ ಫೋನ್ ಹಚ್ಚಿಕೊಡಲೇ ಎಂದದ್ದಕ್ಕೆ, ‘ತಡಿ. ನಾಳಿ ಅಂವನೂ ಓದಲಿ. ಪೂರಾ ಓದಿದರ ನನ್ನ ತಮ್ಮ ಅಮರೇಶಗ ಅಂವನ ಬಾಯಿಲೇ ಹೇಳಸ್ತೀನಿ. ಬಿಟ್ಟು ಓದಿದರ ನಾನ ಹೇಳತೀನಿ, ಅಂವ ಮತ್ತ ನನ್ನ ಮುಂದ ಬರೂದು ಬ್ಯಾಡ’ ಎಂದರಂತೆ. ಬಿಟ್ಟು ಓದಿದ್ದರೆ ಈಗ ತಿದ್ದಿಕೊಳ್ಳಲು ಹೋಗಬೇಡ. ಅತ್ತೆಗೆ ಕಾಣದಿರುವುದು ಅಕ್ಷರ, ಮುಖ ಕಾಣುತ್ತದೆ.