ರಟ್ಟಿನ ಮ್ಯಾಲ ಹಂಪವ್ವ

ಭಾಗ್ಯನಗರ (ಕೊಪ್ಪಳ)
ತಾ. 9-3-1982, ಮಂಗಳವಾರ

ಪ್ರೀತಿಯ ಹಂಪಕ್ಕಾ,

ನಿನ್ನ ತಮ್ಮ ತಿರುಪತಿ ಇಲ್ಲಿಂದ್ಲೇ ಶರಣು ಮಾಡೇನಿ. ನೀ ಹೆಂಗದಿ? ಬಂದರದಾಗ ಚೀಲ ಹೊತ್ತು ಮಾವನ ಹೆಗಲು ಬಾತಿತ್ತಲ್ಲ, ಈಗ ಕಡಿಮಿ ಆಗೇತೇನು? ಕಸ್ತೂರಿಗೆ ಹಲ್ಲು ಬಂದ್ವೋ ಇಲ್ಲೋ? ಆ ವಾಸ್ಕೋದಾಗ ಜ್ವಾಳ ಸಿಗ್ತಾವೋ, ಇನ್ನೂ ಮೂರೂ ಹೊತ್ತು ಅನ್ನಾನ ಉಣ್ಣಾಕ ಹತ್ತೀರೋ? ಇಲ್ಲಿ ಅಪ್ಪಗ ಕೆಮ್ಮು. ಬೀಡಿ ಬಿಡಪಾ ಅಂದ್ರ ಕೆಮ್ಮು ಬೇಕಾರ ಬಿಡ್ತೀನಿ ಬೀಡಿ ಬಿಡಂಗಿಲ್ಲ ಅಂತಾನ. ಅವ್ವಗ ಮೊಣಕಾಲು. ನನಗ ಸಿಟ್ಟು, ಬ್ಯಾರೆ ಬ್ಯಾನಿ ಏನೂ ಇಲ್ಲ.

ಶಬ್ಬೀರಸಾಬ ಕಾಕಾ, ನಮ್ಮಕ್ಕಗ ಓದಾಕ ಬರಂಗಿಲ್ಲಂತ ಬಾಜೂ ಖೋಲಿಯಿಂದ ಬಂದು ಓದಿ ಹೇಳ್ತೀರಿ, ನಿಮ್ಮ ಉಪಕಾರ ಭಾಳ ಆತು. ಆದ್ರ ಹೋದ ಸಲ ನಾ ಬರದಿದ್ದ ಬೈಗಳ ಎಲ್ಲಾ ನೀವು ಹಾರಿಸಿ ಓದೀರಿ ಅಂತ ನನಗ ಗೊತ್ತಾತು. ಈ ಸಲ ಹಾರಿಸಬ್ಯಾಡ್ರಿ. ಅವೂ ವಿಚಾರ ಮಾಡೇ ಬರದದ್ದು.

ಸುದ್ದಿ ಏನಂದ್ರ, ನನ್ನ ನಾಟಕದ ಪುಸ್ತಕ ಹೊರಗ ಬಂತಕ್ಕಾ. ಯಂಕೋಬಣ್ಣನ ಪ್ರೆಸ್ಸಿನಾಗ ಸೀಸದ ಅಕ್ಷರದ ಮೊಳಿ ಜೋಡಸ್ತೀನಲ್ಲ, ಲಗ್ನಪತ್ರ, ಸತ್ತವ್ರ ಕಾರ್ಡು, ಎಲೆಕ್ಷನ್ ಬಂದ್ರ ಎಲ್ಲಾ ಕಳ್ಳರ ಹೆಸರು. ಮಂದಿ ಹೆಸರು ಉಲ್ಟಾ ಜೋಡಿಸಿ ಜೋಡಿಸಿ, ನಂದೂ ಒಂದು ಹೆಸರು ಹಿಂಗ ಉಲ್ಟಾ ನೋಡಬೇಕು ಅಂತ ಹಟ ಹುಟ್ಟಿತ್ತು. ಮೊದಲ ಗದಗಿಗೆ ಹೋಗಿದ್ದೆ, ನಾಟಕ ಅಚ್ಚು ಹಾಕಸೋ ಒಬ್ಬ ಸಾಹುಕಾರನ ಕಡಿ. ಅಂವ ಒಂದು ಹಾಳಿ ಸೈತ ತಗದು ನೋಡ್ಲಿಲ್ಲ. ಎಷ್ಟು ಕಲ್ತಿಯಪಾ ಅಂದ. ಏಳನೆತ್ತ ಅಂದೆ. ಪಾಸೋ ನಪಾಸೋ ಅಂದ. ನಾಟಕ ಓದ್ರಿ, ನನ್ನ ಸಾಲಿ ಯಾಕ ಓದ್ತೀರಿ ಅಂದವನ ಎದ್ದು ಬಂದೆ. ಅವನು ತರಿಸಿದ ಚಾನೂ ಕುಡೀಲಿಲ್ಲ. ಅದೊಂದು ನೆನಸಿದ್ರ ಈಗೂ ಹೊಟ್ಟಿ ಉರೀತತಿ, ಕುಡದ ಬೈಬೇಕಿತ್ತು.

ಆಮ್ಯಾಲ ಯಂಕೋಬಣ್ಣಗ ಹೇಳಿದೆ, ಸುಗ್ಗಿ ತನಾ ಪಗಾರ ಬ್ಯಾಡ, ಕಾಗದ ಕೊಡು, ಐತವಾರಕ್ಕೊಮ್ಮಿ ಮಷೀನು ಕೊಡು. ಅಂವ ನಕ್ಕೋತ ಕೊಟ್ಟ. ನಮ್ಮ ಪ್ರೆಸ್ಸಿನಾಗ 'ಳ' ಮೊಳಿ ಕಮ್ಮಿ. ನಾಕು ಪುಟ ಜೋಡಸೂದ್ರಾಗ ತೀರತಿದ್ವು. ಅದಕ್ಕ ನಾ ಎಲ್ಲೆಲ್ಲಿ 'ಅಳು' ಅಂತ ಬರದಿದ್ನೋ ಅಲ್ಲೆಲ್ಲಾ 'ಕಣ್ಣೀರು' ಅಂತ ಮಾಡಿದೆ. ಬರಿಯಾಂವಗೂ ಜೋಡಸಾಂವಗೂ ಜಗಳ ಹತ್ತಿದ್ರ ಜೋಡಸಾಂವನ ಗೆಲ್ತಾನ ನೋಡಕ್ಕಾ, ಇಬ್ರೂ ನಾನ ಆದ್ರೂ. ಹೊಲಿಗಿ ಅವ್ವ ಹಾಕಿದ್ಲು, ಗೋಣಿಚೀಲದ ದಬ್ಬಣದ್ಲೆ. ಬಿಚ್ಚಾಕ ಆಗಂಗಿಲ್ಲ, ಅಷ್ಟು ಗಟ್ಟಿ. ಹೆಸರು 'ಕಾಲುವಿ ಬಂತು ಕಲಹ ತಂತು'. ಯಂಕೋಬಣ್ಣ ನೋಡಿ, ಅರ್ಥಾತ್ ಇಲ್ದ ನಾಟಕ ಯಾರೂ ಮುಟ್ಟಂಗಿಲ್ಲೋ, ಎರಡನೇ ಹೆಸರೊಂದು ಹುಡುಕು ಅಂದ. ಹಂಗಾಗಿ 'ಅರ್ಥಾತ್ ಅಣ್ಣ ಕಟ್ಟಿದ ಗ್ವಾಡಿ' ಅಂತ ಸೇರಿಸಿದೆ.

ಕತಿ ನಿನಗ ಗೊತ್ತಿದ್ದದ್ದ. ಗಂಗಾವತಿ ಕಡಿ ನಮ್ಮ ಸ್ವಾದರಮಾವಂದಿರ ಹೊಲಕ್ಕ ಕಾಲುವಿ ಬಂದದ್ದು, ಒಂದ ಒಲಿ ಮ್ಯಾಲ ಉಂಡವ್ರು ನಡುವ ಗ್ವಾಡಿ ಹಾಕಿದ್ದು. ಮಾತೆಲ್ಲಾ ನಾ ಬರದೇನಿ, ಪದ ಎಲ್ಲಾ ನಿಂದು. ಅಲ್ಲಿ ನೆಲ್ಲು ಹಚ್ಚಾಕ ಹೋದಾಗ ಕೆಸರಿನಾಗ ಬಗ್ಗಿ ನಿಂತು ನೀ ಕಟ್ಟಿ ಹಾಡಿದ್ದು:

ನೀರು ಬರತಾವಂತ ನಿಂತಿದ್ದ್ಯೋ ಅಣ್ಣಾ
ನೀರಿಗಿಂತ ಮೊದಲ ಗ್ವಾಡಿ ಬಂತೋ

ನನಗ ತಿಳಿಯವಲ್ದು ಏನಂದ್ರ, ಇದು ನಿನಗ ಹೊಳೀತು ಹೆಂಗ? ಮೊದಲ ಮಾತು ಬಂತೋ, ಧಾಟಿ ಬಂತೋ? ಸಸಿ ಹಚ್ಚೋ ಕೈ ನಿಂತಿತ್ತೋ, ನಡದಿತ್ತೋ? ನಾ ಅಂಥಾದೊಂದು ಸಾಲು ಬರೀಬೇಕಂತ ಎಷ್ಟು ಹಾಳಿ ಹರದೆ, ಬರಲಿಲ್ಲ. ಮುಂದಿನ ಕಾಗದದಾಗ ಹೇಳಿ ಬರಸು, ಮರೀಬ್ಯಾಡ. ಪದ ನಿಂದು ಅಂದಮ್ಯಾಲ ಹೆಸರೂ ನಿಂದ ಇರಬೇಕಲ್ಲ. ರಟ್ಟಿನ ಮ್ಯಾಲ ನನ್ನ ಹೆಸರು ಹಾಕಿ ಅದರ ಕೆಳಗ 'ಪದಗಳು: ಹಂಪವ್ವ' ಅಂತ ಹಾಕಿದೆ. ಯಂಕೋಬಣ್ಣ, ಯಾಕ ಬೇಕೋ ತಮ್ಮಾ, ಪದ ಕಟ್ಟಿದಾಕಿ ಯಾರಂತ ಯಾರು ಕೇಳ್ತಾರ ಅಂದ. ಕಟ್ಯಾಳ, ಹಾಕ್ತೀನಿ ಅಂದೆ.

ಬರಿಯೂದು ಒಂದು ಪಾಲು ಆದ್ರ ಮಾರೂದು ಮೂರು ಪಾಲು ಐತಕ್ಕಾ. ಚೀಲ ಹೆಗಲಿಗೆ ಹಾಕ್ಕೊಂಡು ಕನಕಗಿರಿ ಸಂತಿ, ಕುಷ್ಟಗಿ ಬಸ್ ಸ್ಟ್ಯಾಂಡು, ಯಲಬುರ್ಗಾ ಕಚೇರಿ ಮುಂದಿನ ಚಾದಂಗಡಿ, ಎಲ್ಲಾ ಕಡಿ ಕುಂತೆ. ಮಂದಿ ಪುಸ್ತಕ ಹೆಂಗ ನೋಡ್ತಾರ ಅನ್ನೋದ ಒಂದು ನಾಟಕ ನೋಡು. ಒಬ್ಬಾಂವ ಮೂಸಿ ನೋಡಿ ಇಟ್ಟ. ಒಬ್ಬಾಂವ ಕಡೀ ಹಾಳಿ ಓದಿ, ಹಿರ್ಯಾಂವನ ಸಾಯ್ತಾನೇನು, ಛಲೋ ಆತು ಅಂತ ಅಂದು ತಗೊಳ್ದ ಹೋದ. ಕತಿ ಏನಂತ ಒಬ್ರೂ ಕೇಳಲಿಲ್ಲ. ಎಲ್ಲಾರೂ ಕೇಳೂದು ಒಂದ ಮಾತು, ಹೆಣ್ಣು ಪಾತ್ರ ಎಷ್ಟದಾವು? ಯಾಕಂದ್ರ ಗಂಡಸರ ಪಾತ್ರಕ್ಕ ಊರ ಹುಡುಗೂರು ಹೊಡದಾಡತಾರ, ಹೆಣ್ಣು ಪಾತ್ರಕ್ಕ ಹೊರಗಿಂದ ಬಣ್ಣ ಹಚ್ಚಾಕ್ಯಾರನ್ನ ವೀಳ್ಯ ಕೊಟ್ಟು ಕರಸಬೇಕು. ಮೂರು ಅದಾವು ಅಂದ್ರ ಮಾರಿ ಸಣ್ಣದು ಮಾಡ್ತಾರ. ಒಬ್ಬಾಂವ ಅಂತೂ, ಅತ್ತಿ ಪಾತ್ರ ಸಾಯಿಸಿ ಬಿಡಪಾ, ಫೋಟೋಕ್ಕ ಮಾಲಿ ಹಾಕಿದ್ರ ನಡೀತತಿ ಅಂದ. ಎದ್ದು ಬಡೀಬೇಕು ಅನ್ನಿಸ್ತು. ಆದ್ರ ದಾರ್ಯಾಗ ವಿಚಾರ ಮಾಡಿದ್ರ ಅಂವ ಹೇಳಿದ್ದು ಖರೇನ ಐತಿ. ಇನ್ನ ಒಂದು ಊರಿಗೆ ಒಂದ ಪುಸ್ತಕ. ಅದರ ಹೊಲಿಗಿ ಬಿಚ್ಚಿ, ಹಾಳಿ ಹಂಚಕೊಂಡು ಎಲ್ಲಾರೂ ತಮ್ಮ ತಮ್ಮ ಪಾತ್ರ ಕೈಯಿಂದ ಬರಕೋತಾರ. ನಾ ದಬ್ಬಣದ ಹೊಲಿಗಿ ಹಾಕಿಸಿದ್ದು ಅದಕ್ಕ ಮತ್ತ.

ಈಗ ನಗಬ್ಯಾಡ, ಇಲ್ಲಾ ನಗು. ಒಂದಿನ ಕುಷ್ಟಗಿ ಕಡಿ ಹಳ್ಳಿಯಿಂದ ಮೂವರು ಬಿಳೇ ಅಂಗಿಯವ್ರು ನಮ್ಮನಿಗೆ ಬಂದ್ರು, ಕೈಯಾಗ ಎಲಿ ಅಡಿಕಿ, ಬಾಳಿಹಣ್ಣು. ಅಪ್ಪ ತಿಳಕೊಂಡ, ನನಗ ಹೆಣ್ಣು ಕೊಡಾಕ ಬಂದಾರ. ಜಮಖಾನಿ ಹಾಸಿದ. ಅವ್ವಗ ಚಾ ಇಡಾಕ ಹೇಳಿದ. ಹುಟ್ಟಿದಾಗಿಂದ ನನ್ನ ಹಾಳು ಅನ್ನಾಂವ, ಆವತ್ತು ಬಾಯಿ ತುಂಬ ನನ್ನ ಮಗ ಪುಸ್ತಕ ಬರದಾನ್ರಿ, ಎಲ್ಲಾ ಊರಾಗೂ ಹೆಸರೈತ್ರಿ ಅಂದ. ನಾ ಬಾಗಿಲ ಸಂದಿಯಿಂದ ಕೇಳಾಕ ಹತ್ತಿದ್ದೆ, ನನಗೂ ಖುಷಿ. ಅವ್ರಾಗ ಹಿರ್ಯಾಂವ ಅಂದ, "ಅದ ಪುಸ್ತಕ ನೋಡೇ ಬಂದೇವ್ರಿ. ಹಂಪವ್ವ ಅನ್ನೋರು ಅದಾರೇನ್ರಿ ಒಳಗ? ಕುಣೀತಾರೋ, ಬರೇ ಹಾಡತಾರೋ?"

ನಮ್ಮ ಕಡಿ ನಾಟಕದ ಕಾಗದದ ಮ್ಯಾಲ ಹೆಣ್ಣಿನ ಹೆಸರು ಬಂತಂದ್ರ ಅಕಿ ಬಣ್ಣ ಹಚ್ಚಾಕಿನ. ಹ್ಯಾಂಡಬಿಲ್ಲಿನಾಗ ಅವ್ರ ಹೆಸರು ಬಿಟ್ರ ಯಾವ ಹೆಣ್ಮಗಳ ಹೆಸರೂ ಇರಂಗಿಲ್ಲ. ನಾನ ಎಷ್ಟೋ ಜೋಡಿಸೇನಿ, ನನಗ ಹೊಳೀಲಿಲ್ಲ. ಅಪ್ಪ ಚಾದ ಬಸಿ ಕೆಳಗಿಟ್ಟು, ಅಕಿ ನನ್ನ ಮಗಳು, ಗಂಡನ ಮನ್ಯಾಗ ಅದಾಳ ಅಂದ. ಅವ್ರು ತಪ್ಪಾತ್ರೀ ಅಂತ ಕಾಲು ಮುಟ್ಟಿ ಹೋದ್ರು, ಬಾಳಿಹಣ್ಣು ಇಲ್ಲೇ ಬಿಟ್ಟು. ಅಪ್ಪ ಬಾರಕೋಲು ತಗೊಂಡ, ಅವ್ರಿಗಲ್ಲ, ನನಗ. ಅವ್ವ ಒಲಿ ಮುಂದ ಸೆರಗು ಬಾಯಿಗಿಟ್ಟು ನಗತಿದ್ಲು. ನನ್ನ ಮಗಳು ಕುಣದ್ರ ಮುಂದ ಕುಂತು ನೋಡಾಕಿ ನಾನ ಅಂದ್ಲು. ಅದಕ್ಕ ಅಕಿಗೂ ಬೈಗಳ ಬಿದ್ವು.

ನಗೂ ಮಾತು ಇಲ್ಲಿಗಿ ಮುಗೀತು. ಯಲಬುರ್ಗಾ ಕಡಿ ನಿಮ್ಮತ್ತಿ ಊರಾಗ ಯಾರೋ ರಟ್ಟು ಓದಿ ಹೇಳ್ಯಾರ. ನಿಮ್ಮತ್ತಿ ಹೇಳಿ ಕಳಿಸ್ಯಾಳ, ನಮ್ಮ ಸೊಸಿ ಹೆಸರು ಸಂತ್ಯಾಗ ನೆಲದ ಮ್ಯಾಲ ಬಿದ್ದಿತ್ತಂತ, ಮ್ಯಾಲ ಕಲ್ಲಿಟ್ಟಿದ್ರಂತ, ವಾಸ್ಕೋದಾಗಿನ ಮಗಗ ಕಾಗದ ಹಾಕಿಸ್ತೀನಿ ಅಂತ. ಗಾಳಿಗೆ ಹಾರಬಾರದಂತ ಕಲ್ಲಿಟ್ಟಾಂವ ನಾನ. ಅಪ್ಪ ಉಳಿದ ಪುಸ್ತಕಕ್ಕೆಲ್ಲಾ ನಿನ್ನ ಹೆಸರಿನ ಮ್ಯಾಲ ಕಾಗದ ಹಚ್ಚು ಅಂತಾನ. ನಾ ಹಚ್ಚಿಲ್ಲ.

ಅಷ್ಟರಾಗ ಗ್ಯಾನಪ್ಪ ಮಾಸ್ತರ ಬಂದ. ಹಾರ್ಮೋನಿಯಂ ಪೇಟಿ ಬಾರಿಸಿ ಊರೂರಿಗೆ ನಾಟಕ ಕಲಸಾಂವ, ಅಂವ ಯಾವ ನಾಟಕ ಅಂತಾನೋ ಊರು ಅದನ್ನ ಆಡ್ತತಿ. ನಾಟಕ ಬರದಾಂವನ ದೇವರು ಅಂದ್ರ ಪೇಟಿ ಮಾಸ್ತರ, ಇದೂ ನನಗ ಈಗ ತಿಳೀತು. ಯಲಬುರ್ಗಾ ಹತ್ರದ ಒಂದು ಊರಾಗ ನಮ್ಮದನ್ನ ಆಡಿಸಿದ. ಹೋಗಿ ನೋಡಿ ಬಂದೆ. ನಿನ್ನ ಪದಕ್ಕ ಅಂವ ಯಾವುದೋ ಕುಣಿಯೋ ಧಾಟಿ ಹಚ್ಚಿದ್ದ, ನೆಲ್ಲು ಹಚ್ಚೋರು ಹಂಗ ಹಾಡಿದ್ರ ಸಸಿ ಎಲ್ಲಾ ಕಿತ್ತು ಬರತಾವು. ಆದ್ರೂ ಮಂದಿ ಒನ್ಸ್‌ಮೋರ್ ಅಂದ್ರು. ಮರುವಾರ ಮಾಸ್ತರ ಪ್ರೆಸ್ಸಿಗೆ ಬಂದು ಎರಡನೇ ಸಲ ಅಚ್ಚು ಹಾಕು, ನನ್ನ ಎಲ್ಲಾ ಊರಿಗೂ ಇದನ್ನ ಕಲಸ್ತೀನಿ ಅಂದ. ಒಂದ ಮಾತು, ಹೆಣ್ಣಿನ ಹೆಸರು ತಗದು 'ಪದ, ಸಂಗೀತ: ಗ್ಯಾನಪ್ಪ ಮಾಸ್ತರ' ಅಂತ ಹಾಕಬೇಕು. "ನಿಮ್ಮಕ್ಕನ ಮರ್ಯಾದಿ ಉಳೀತತಿ, ನಿನ್ನ ಪುಸ್ತಕಾನೂ ನಡೀತತಿ. ನಾನೇನು ನನ್ನ ಸಲುವಾಗಿ ಹೇಳಾಕತ್ತೀನೇನು?" ಅಂದ. ಅವನ ಮಾರಿ ನೋಡಿ ನನಗ ಬಂದ ಬೈಗಳ ಇಲ್ಲಿ ಬರೀತಿದ್ದೆ, ಶಬ್ಬೀರಸಾಬ ಕಾಕಾರ ಬಾಯಿ ಹೊಲಸಾಗ್ತತಿ ಅಂತ ಬಿಟ್ಟೇನಿ.

ಇದರ ಕೂಡ ಪುಸ್ತಕ ಒಂದು ಕಳಿಸೇನಿ. ಕಸ್ತೂರಿ ಕೈಗೆ ಕೊಡಬ್ಯಾಡ, ಹರದಾಳು. ಅಕಿ ಗಲ್ಲ ಹಿಂಡಿದೆ ಅಂತ ಹೇಳು. ಮಾವಗ ಶರಣು. ಹೆಗಲಿಗೆ ಬಿಸಿ ಉಪ್ಪಿನ ಗಂಟು ಕೊಡಬೇಕಂತ, ಅವ್ವ ಹೇಳ್ಯಾಳ. ಕಾಕಾಗ ಸಲಾಮ.

ನಿನ್ನ ಸಿಟ್ಟಿನ ತಮ್ಮ,
ತಿರುಪತಿ

ತಾ.ಕ.: ಲಕೋಟಿ ಅಂಟಸಾಂವ ಮತ್ತ ಬಿಚ್ಚೇನಿ. ಕಾಕಾ, ಇದಿಷ್ಟು ಮಾವ ಕೆಲಸಕ್ಕ ಹೋದಾಗ ಅಕಿಗೊಬ್ಬಾಕಿಗೇ ಓದ್ರಿ. ಅಕ್ಕಾ, ಯುಗಾದಿ ಆದ ಮ್ಯಾಲ ಎರಡನೇ ಅಚ್ಚಿನ ರಟ್ಟು ಮಷೀನಿಗೆ ಏರಸ್ತೀನಿ. ಅಪ್ಪ, ಮಾಸ್ತರ, ನಿಮ್ಮತ್ತಿ ಎಲ್ಲಾರೂ ನಿನ್ನ ಹೆಸರು ಬ್ಯಾಡ ಅಂದ್ರು. ನಾ ಬೇಕು ಅಂತೀನಿ. ಆದ್ರ ಹೆಸರು ನಂದಲ್ಲ, ಮನ್ಯಾಗ ಮಾತು ಕೇಳಬೇಕಾದಾಕಿನೂ ನಾನಲ್ಲ. ಹೋದ ಸಲ ನಿನ್ನ ಕೇಳಿಲ್ಲ, ಈ ಸಲ ಕೇಳ್ತೀನಿ. ಕೇಳೂಕಿಂತ ಮೊದಲ ಇದೊಂದು ಹೇಳಬೇಕು. ನಾಟಕದ ಮರುದಿನ ಮುಂಜಾನೆ ಬಸ್ಸಿಗೆ ನಿಂತಿದ್ದೆ. ಮುದುಕವ್ವ ಅನ್ನಾಕಿ ಒಬ್ಬಾಕಿ ಸೆರಗಿನಾಗ ಜ್ವಾಳ ಕಟಗೊಂಡು ಬಂದು, ರೊಕ್ಕ ಇಲ್ಲ, ಇದಕ್ಕ ಪುಸ್ತಕ ಕೊಡ್ತೀಯೇನಪಾ ಅಂದ್ಲು. ಓದಾಕ ಬರತೈತೇನಬೇ ಅಂದೆ. ಇಲ್ಲ ಅಂದ್ಲು. ಆ ಗ್ವಾಡಿ ಪದ ಕಟ್ಟಿದಾಕಿ ಹೆಸರು ಎಲ್ಲೈತಿ ತೋರಸು ಅಂದ್ಲು. ತೋರಿಸಿದೆ. ಬಟ್ಟು ಇಟ್ಟು ಎಷ್ಟು ಅಕ್ಷರ ಅಂತ ಕೇಳಿದ್ಲು. ಮೂರು ಅಂದೆ. ನನ್ನ ಹೆಸರಿಗೆ? ನಾಕು ಅಂದೆ. "ನಂದ ಒಂದು ಜಾಸ್ತಿ ಐತಿ ನೋಡು" ಅಂತ ನಕ್ಕು, ಆಮ್ಯಾಲ, "ಅಕಿ ನಮ್ಮನಿಗೆ ಯಾವಾಗ ಬಂದಿದ್ಲಪಾ? ಆ ಗ್ವಾಡಿ ನಮ್ಮ ಪಡಸಾಲ್ಯಾಗ ಐತಿ" ಅಂದ್ಲು. ಪುಸ್ತಕ ಎದಿಗವಚಿಕೊಂಡು ಹೋದ್ಲು. ಬ್ಯಾಡ ಅನ್ನೋದಿದ್ರ ನೀ ಏನೂ ಮಾಡಬ್ಯಾಡ, ಸುಮ್ನ ಇರು, ನಾ ಸಿಟ್ಟು ಮಾಡಂಗಿಲ್ಲ. ಬೇಕು ಅಂದ್ರ ಕಾಕಾರ ಕಡಿಂದ ಬರೇ ವಿಳಾಸ ಬರಸಿ ಒಂದು ಖಾಲಿ ಕಾರ್ಡು ಹಾಕಿಸು, ಯಾರು ನೋಡಿದ್ರೂ ತಿಳಿಯಂಗಿಲ್ಲ. ಉಳದದ್ದೆಲ್ಲಾ ಜೋಡಿಸಿ ಇಟ್ಟೇನಿ, ಮೂರು ಅಕ್ಷರದಷ್ಟ ಜಾಗಾ ಬಿಟ್ಟೇನಿ. ಗ್ಯಾನಪ್ಪ ಮಾಸ್ತರ ಅದರಾಗ ಹಿಡಸಂಗಿಲ್ಲ.